ನಲವತ್ತೆರಡು ಜಾಡಿಗಳ ಮನೆ

ಹೋದ ವರ್ಷ ನಮ್ಮ ಮನೆಗೆ ಒಬ್ಬ ಅಧಿಕಾರಿ ಬಂದಿದ್ದರು. ಕೈಯಲ್ಲಿ ಉದ್ದನೆಯ ಫಾರಂ, ಜೇಬಿನಲ್ಲಿ ಮೂರು ಪೆನ್ನು. ಗಾಳಿ ಕರೆಂಟು, ಬಿಸಿಲು ಕರೆಂಟು ಕೂಡಿಟ್ಟುಕೊಳ್ಳುವುದಕ್ಕೆ ಯಾವ ಊರಿಗೆ ಎಷ್ಟು ಖರ್ಚು ಬೀಳುತ್ತದೆ ಎಂದು ಊರೂರು ತಿರುಗಿ ಬರೆದುಕೊಳ್ಳುತ್ತಿದ್ದಾರಂತೆ. ಕರೆಂಟು ಹುಟ್ಟಿಸುವುದು ಈಗ ಸಲೀಸು, ಇಟ್ಟುಕೊಳ್ಳುವುದೇ ಎಲ್ಲ ಕಡೆ ತಲೆನೋವು ಎಂದರು ಪಾಪ. ನಮ್ಮೆಜಮಾನರು ಕೊಟ್ರೇಶಪ್ಪ ಪಡಸಾಲೆಯಲ್ಲಿ ಸಾಲಾಗಿ ಕೂತಿದ್ದ ಜಾಡಿಗಳನ್ನು ತೋರಿಸಿ, "ನಮ್ಮೂರಲ್ಲಿ ಒಂದು ಪೈಸೆ ಖರ್ಚಿಲ್ಲ ಸ್ವಾಮಿ. ಸೊನ್ನೆ ಅಂತ ಬರ್ಕೊಳ್ಳಿ" ಎಂದು ಮೀಸೆ ತಿರುವಿದರು. ಅವರೂ ಬರೆದುಕೊಂಡರು. ನಾನು ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದೆ. ನನ್ನ ಓರಗಿತ್ತಿ ನೀಲಕ್ಕ, ಅಂದರೆ ನಮ್ಮ ಭಾವನವರ ಹೆಂಡತಿ, ನಾನು ಬೇಡವೆಂದರೂ ಕೇಳದೆ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಸೊನ್ನೆ ಎಂದದ್ದು ಇಬ್ಬರ ಕಿವಿಗೂ ಬಿತ್ತು. ನಾನು ತುಟಿ ಕಚ್ಚಿಕೊಂಡೆ. ಅವಳೂ ಕಚ್ಚಿಕೊಂಡಿರಬೇಕು, ನಾನು ತಿರುಗಿ ನೋಡಲಿಲ್ಲ.

ನಮ್ಮೂರಿನ ಗುಡ್ಡದ ಮೇಲೆ ಹನ್ನೊಂದು ಗಾಳಿ ಫ್ಯಾನು ತಿರುಗುತ್ತವೆ. ಸಂತೆಕಟ್ಟೆಯ ಚಾವಣಿಗೆ ಪೂರ್ತಿ ಸೋಲಾರ್ ಪ್ಲೇಟು ಹೊದಿಸಿದ್ದಾರೆ. ಗಾಳಿ ಬೀಸಿದಾಗ, ಬಿಸಿಲು ಕಾದಾಗ ಕರೆಂಟು ಬೇಕಾದಷ್ಟು. ಮಿಕ್ಕಿದ್ದನ್ನು ಉಪ್ಪಿನಕಾಯಿ ಜಾಡಿಗಳಿಗೆ ತುಂಬಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಇಡುತ್ತೇವೆ. ತುಂಬಿದ ಜಾಡಿಗೆ ಕಿವಿಗೊಟ್ಟರೆ ಗುಂಯ್ ಎನ್ನುತ್ತದೆ. ಅದನ್ನಿಟ್ಟ ಮನೆಯಲ್ಲಿ ಯಾರಾದರೂ ಜಗಳ ತೆಗೆದರೋ, ಟಪ್ ಅಂತ ಒಂದು ಸದ್ದು, ಸೀದ ಸಾಸಿವೆಯ ವಾಸನೆ, ಅಲ್ಲಿಗೆ ಆ ಜಾಡಿಯ ಕರೆಂಟು ಹಳಸಿತು ಎಂದೇ ಅರ್ಥ. ಹಳಸಿದ ಕರೆಂಟಿಗೆ ಒಂದು ಜೀರೋ ಬಲ್ಬು ಕೂಡ ಹತ್ತುವುದಿಲ್ಲ. ಜಾಡಿ ತೊಳೆದು, ಬೋರಲು ಹಾಕಿ, ಮತ್ತೆ ಗಾಳಿ ಬರುವತನಕ ಕಾಯಬೇಕು.

ಹಾಗಾಗಿ ಜಗಳ ಆಡಬೇಕು ಅನ್ನಿಸಿದವರು ನಮ್ಮೂರಲ್ಲಿ ಮೋರಿಯಾಚೆ ಹೋಗುತ್ತಾರೆ. ಊರ ಹೊರಗಿನ ಹಳ್ಳಕ್ಕೆ ಒಂದು ಮೋರಿ ಕಟ್ಟಿದ್ದಾರೆ. ಅದರಾಚೆಯ ಬಯಲಿನಲ್ಲಿ ಎಷ್ಟು ಕೂಗಿದರೂ ಊರೊಳಗಿನ ಜಾಡಿಗೆ ತಾಕುವುದಿಲ್ಲ. ಭಾನುವಾರ ಸಾಯಂಕಾಲ ಅಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ಗಂಡಹೆಂಡಿರು, ಅತ್ತೆಸೊಸೆಯರು, ಬೇಲಿ ಒತ್ತಿಕೊಂಡವರು, ಬೇಲಿ ಒತ್ತಿಸಿಕೊಂಡವರು ಅಲ್ಲಲ್ಲಿ ನಿಂತು ಕೈ ಬೀಸಿ ಮಾತಾಡುತ್ತಿರುತ್ತಾರೆ. ಮುಗಿದವರು ಮೋರಿಕಟ್ಟೆಯ ಮೇಲೆ ಕೂತು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು, ಹಳ್ಳದಲ್ಲಿ ಕಾಲು ತೊಳೆದು, ಮೈ ತಣ್ಣಗಾದಮೇಲೆ ಒಟ್ಟಿಗೆ ಮನೆಗೆ ಬರುತ್ತಾರೆ. ಮಂಡಕ್ಕಿ ಅಂಗಡಿಯವನು ಆ ಒಂದು ದಿನದ ವ್ಯಾಪಾರದಲ್ಲೇ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ್ದಾನೆ. ಸಂಬಂಧ ಕೇಳಿಕೊಂಡು ಬಂದವರು ಚಿನ್ನದ ಮಾತು ಎತ್ತುವುದಕ್ಕೆ ಮುಂಚೆ, ನಿಮ್ಮ ಮನೆಯಲ್ಲಿ ಎಷ್ಟು ಜಾಡಿ ನಿಲ್ಲುತ್ತದೆ ಎಂದು ಕೇಳುತ್ತಾರೆ.

ನನ್ನ ತವರು ಗಿರಣಿ ಬೀದಿ. ಹಿಟ್ಟಿನ ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಆ ಬೀದಿಯವರಿಗೆಲ್ಲ ಗಂಟಲು ದೊಡ್ಡದು, ಸಿಟ್ಟೂ ಮೂಗಿನ ತುದಿಯಲ್ಲೇ. ಅಲ್ಲಿ ಯಾವ ಮನೆಯಲ್ಲೂ ಅರ್ಧ ದಿನಕ್ಕಿಂತ ಹೆಚ್ಚು ಜಾಡಿ ನಿಂತ ದಾಖಲೆಯಿಲ್ಲ. ಗಾಳಿ ಬಂದಾಗ ದೀಪ, ನಿಂತಾಗ ಕತ್ತಲೆ, ಎರಡರಲ್ಲೂ ಮಾತು. ಅಂಥ ಬೀದಿಯ ಹುಡುಗಿಯನ್ನು ಊರಿನ ದೊಡ್ಡ ಜಾಡಿ ಮನೆಗೆ ಹೇಗೆ ತಂದುಕೊಂಡರು ಎಂದು ಜನ ಆಗ ಮೂಗಿನ ಮೇಲೆ ಬೆರಳಿಟ್ಟಿದ್ದರು. ಎಜಮಾನರು ನನ್ನನ್ನು ಗಿರಣಿಯಲ್ಲಿ ನೋಡಿ ಹಟ ಹಿಡಿದಿದ್ದರು, ಅಷ್ಟೇ. ಮದುವೆಯ ದಿನ ನಮ್ಮಮ್ಮ ನನ್ನ ಕಿವಿಯಲ್ಲಿ ಹೇಳಿದ್ದು ಒಂದೇ ಮಾತು: "ದಾಕ್ಷಿ, ಬಾಯಿ ಮೇಲೆ ನಿಗಾ ಇಡವ್ವ."

ಇಟ್ಟೆ. ಇಪ್ಪತ್ತನಾಲ್ಕು ವರ್ಷ ಇಟ್ಟೆ. ಕಾರ್ತೀಕ ಮುಗಿಯುತ್ತಿದ್ದ ಹಾಗೆ ನಮ್ಮೂರಿಗೆ ಮಂಕು ಹಿಡಿಯುತ್ತದೆ. ಹನ್ನೆರಡು ದಿನ ಫ್ಯಾನು ಅಲ್ಲಾಡುವುದಿಲ್ಲ, ಸೂರ್ಯ ಮುಖ ತೋರಿಸುವುದಿಲ್ಲ. ಬೇರೆಯವರ ಮನೆಯ ಒಂದೆರಡು ಜಾಡಿ ಮೊದಲ ದಿನಕ್ಕೇ ಮುಗಿಯುತ್ತವೆ. ಆ ಹನ್ನೆರಡು ದಿನ ಊರಿನ ನೀರಿನ ಪಂಪು, ಗಿರಣಿ, ಬೀದಿ ದೀಪ, ಸೂಲಗಿತ್ತಿ ಫಾತಿಮಾಬಿಯ ಹೆರಿಗೆ ಕೋಣೆ ಎಲ್ಲ ನಡೆಯುವುದು ನಮ್ಮ ಮನೆಯ ನಲವತ್ತೆರಡು ಜಾಡಿಗಳಿಂದ. ಹೆರಿಗೆ ಕೋಣೆಯ ನಾಲ್ಕು ಜಾಡಿಗಳಿಗೆ ಕೆಂಪು ದಾರ ಕಟ್ಟಿರುತ್ತದೆ. ಅವನ್ನು ಅಲ್ಲೇ ಇಡುವ ಹಾಗಿಲ್ಲ, ಹೆರುವ ಹೆಂಗಸು ಗಂಡನನ್ನು ಬೈಯುವ ಭರಕ್ಕೆ ಒಂದು ಗಳಿಗೆಯೂ ನಿಲ್ಲವು. ಆದ್ದರಿಂದ ನಮ್ಮಲ್ಲಿಟ್ಟು ತಂತಿ ಎಳೆದಿದ್ದಾರೆ. ಇಷ್ಟು ಜಾಡಿ ಇಟ್ಟುಕೊಂಡ ಮನೆಯವರು ಮೋರಿ ದಾಟುವುದಕ್ಕೂ ಇಲ್ಲ. ಅಲ್ಲಿನ ಬಿಸಿ ಮೈಗಂಟಿಸಿಕೊಂಡು ಬಂದರೆ ಅಪಾಯ ಎಂದು ಹಿರಿಯರ ಕಟ್ಟಳೆ. ಊರವರು ನಮ್ಮನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು. ಎಂಥ ತಣ್ಣನೆಯ ಮನೆ, ಎಂಥ ಓರಗಿತ್ತಿಯರು ಎಂದು ಹೊಸ ಸೊಸೆಯರಿಗೆ ನಮ್ಮನ್ನು ತೋರಿಸುತ್ತಿದ್ದರು. ತಣ್ಣಗೇನೋ ಇದ್ದೆವು. ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿದ್ದ ಮಾತು "ಏನಿಲ್ಲ". ಯಾಕೆ ಮುಖ ಸಣ್ಣದಾಗಿದೆ? ಏನಿಲ್ಲ. ಯಾಕೆ ಊಟ ಬಿಟ್ಟಿರಿ? ಏನಿಲ್ಲ. ಹೊಟ್ಟೆಯೊಳಗೆ ಇಟ್ಟುಕೊಂಡದ್ದು ಜಾಡಿಗೆ ತಾಕುವುದಿಲ್ಲ, ಹೊರಗೆ ಬಂದದ್ದು ಮಾತ್ರ ತಾಕುತ್ತದೆ.

ನಾಲ್ಕು ವರ್ಷದ ಹಿಂದೆ ಭಾವನವರು ತೀರಿಕೊಂಡರು. ನೀಲಕ್ಕನಿಗೆ ಮಕ್ಕಳಿಲ್ಲ. ನನ್ನ ಒಬ್ಬ ಮಗಳೂ ಮದುವೆಯಾಗಿ ಹೋದಮೇಲೆ ಮನೆಯಲ್ಲಿ ಉಳಿದದ್ದು ನಾವು ಮೂವರೇ. ಭಾವ ಹೋದ ಹದಿನೈದು ದಿನಕ್ಕೆ ನೀಲಕ್ಕ ಸೊಂಟದ ಬೀಗದ ಕೈ ಗೊಂಚಲನ್ನು ಬಿಚ್ಚಿ, ಒಂದು ಮಾತೂ ಆಡದೆ ಅಡುಗೆಮನೆಯ ಗೂಡಿನಲ್ಲಿ ಇಟ್ಟುಬಿಟ್ಟಳು. ನನಗೆ ಎದೆಗೆ ಚುಚ್ಚಿದ ಹಾಗಾಯಿತು. ಕೇಳಲಿಲ್ಲ. ಆ ಗೊಂಚಲನ್ನು ನಾನು ಬೇಕಾದಾಗ ಎತ್ತಿಕೊಂಡು ಮತ್ತೆ ಅಲ್ಲಿಯೇ ಇಡುತ್ತಿದ್ದೆನೇ ಹೊರತು ಸೊಂಟಕ್ಕೆ ಸಿಕ್ಕಿಸಲಿಲ್ಲ. ಅವಳಿಗೆ ಮಾತ್ರ ಏನೂ ಕಡಿಮೆ ಮಾಡಲಿಲ್ಲ. ಎಲೆ ಹಾಕಿ ಮೊದಲು ಅವಳಿಗೇ ಬಡಿಸುತ್ತಿದ್ದೆ, ಪೊರಕೆ ಮುಟ್ಟಲು ಬಿಡುತ್ತಿರಲಿಲ್ಲ.

ಈ ಸಲ ಸೋಮವಾರ ಮಂಕು ಹಿಡಿಯಿತು. ಮಂಗಳವಾರ ಬೆಳಿಗ್ಗೆ ನೋಡುತ್ತೇನೆ, ನೀಲಕ್ಕ ಅಟ್ಟದಿಂದ ಟ್ರಂಕು ಇಳಿಸಿಕೊಂಡು ಸೀರೆ ಮಡಿಸಿ ಇಡುತ್ತಿದ್ದಾಳೆ. ಸೀರೆ ಆದಮೇಲೆ ಕಂಬಳಿ, ಕಂಬಳಿ ಆದಮೇಲೆ ಭಾವನವರ ಫೋಟೋ.

"ಎಲ್ಲಿಗಕ್ಕ?" ಎಂದೆ.

"ತಮ್ಮನ ಊರಿಗೆ. ಶುಕ್ರವಾರದ ವ್ಯಾನಿಗೆ ಹೇಳಿದ್ದೀನಿ."

"ಎಷ್ಟು ದಿನಕ್ಕೆ?"

ಅವಳು ಫೋಟೋವನ್ನು ಹಳೆಯ ಸೀರೆಯಲ್ಲಿ ಸುತ್ತುತ್ತಿದ್ದಳು. "ನೋಡೋಣ. ಅವರದ್ದೂ ದೊಡ್ಡ ಮನೆ, ನನಗೊಂದು ಕೋಣೆ ಕೊಡ್ತಾರಂತೆ."

ಕೋಣೆ ಎಂದ ಕೂಡಲೇ ನನಗೆ ತಿಳಿಯಿತು. ನಾಲ್ಕು ದಿನಕ್ಕೆ ಹೋಗುವವರಿಗೆ ಯಾರೂ ಕೋಣೆ ಕೊಡುವುದಿಲ್ಲ. "ಯಾಕಕ್ಕ, ನನ್ನಿಂದ ಏನಾದ್ರೂ ತಪ್ಪಾಯ್ತಾ? ನಿಮಗೆ ಬೇಜಾರಾಗಿದೆಯಾ?" ಎಂದೆ.

"ಏನಿಲ್ಲಮ್ಮ" ಎಂದು ನಕ್ಕಳು.

ಆ ನಗುವಿಗಿಂತ ನನ್ನ ಕೆನ್ನೆಗೆ ಎರಡು ಬಾರಿಸಿದ್ದರೆ ಚೆನ್ನಾಗಿತ್ತು. ಅಡುಗೆಮನೆಯ ದುಡಿಮೆ, ಮಗಳ ಬಾಣಂತನ, ಅತ್ತೆಯ ಕೊನೆಗಾಲ, ಎಲ್ಲವನ್ನೂ ನಾವಿಬ್ಬರು ಜೊತೆಗೆ ನಿಂತು ಮಾಡಿದ್ದೆವು. ಅವಳಿಲ್ಲದ ಆ ಮನೆಯಲ್ಲಿ ನಾನು ಯಾರ ಜೊತೆ ಇರಲಿ? ಎಜಮಾನರ ಜೊತೆ ಇರಬಹುದು, ಆದರೆ ಅವರು ಮಾತಾಡುವುದು ಫ್ಯಾನು, ಪಂಪು ಇಷ್ಟೇ. ಅವರ ಹತ್ತಿರ ಹೋಗಿ, "ರೀ, ಅಕ್ಕ ಮನೆ ಬಿಟ್ಟು ಹೋಗ್ತಿದ್ದಾರೆ. ಕಾರಣ ಕೇಳಿ" ಎಂದೆ.

"ಮಂಕು ಮುಗೀಲಿ, ಕೇಳೋಣ" ಎಂದರು.

"ಮಂಕು ಮುಗಿಯೋಕೆ ಇನ್ನೂ ಹತ್ತು ದಿನ ಇದೆ. ಅವರು ಹೋಗೋದು ಶುಕ್ರವಾರ."

"ಈಗ ಕೇಳಿ, ಅವರೇನೋ ಅಂದು, ನೀನೇನೋ ಅಂದು, ಊರಿಗೇ ಕತ್ತಲೆ ಮಾಡ್ತೀಯಾ? ಹೋಗಲಿ ಬಿಡು ದಾಕ್ಷಿ. ಆಮೇಲೆ ಹೋಗಿ ಕರ್ಕೊಂಡು ಬಂದ್ರಾಯ್ತು."

ಹೋಗಿ ಕರೆದರೆ ಬರುವವಳಲ್ಲ ನೀಲಕ್ಕ. ಅದು ನನಗೆ ಗೊತ್ತಿತ್ತು. ಅಂದು ಸಾಯಂಕಾಲ ನನಗೊಂದು ಉಪಾಯ ಹೊಳೆಯಿತು. ಬಾಯಿ ಬಿಟ್ಟರೆ ತಾನೇ ಕರೆಂಟು ಹಳಸುವುದು? ಮಗಳ ಹಳೆಯ ಸ್ಲೇಟು ಹುಡುಕಿ, ಬಳಪ ತೆಗೆದುಕೊಂಡು, "ನೀವು ಹೀಗೆ ಹೋದರೆ ನನ್ನ ಮರ್ಯಾದೆ ಏನಾಗಬೇಕು" ಎಂದು ಬರೆಯತೊಡಗಿದೆ. ಮರ್ಯಾದೆಗೆ ಬರುವ ಹೊತ್ತಿಗೆ ಬಳಪ ಒತ್ತಿ ಮುರಿಯಿತು. ಪಡಸಾಲೆಯಲ್ಲಿ ಟಪ್ ಎಂದಿತು. ಓಡಿ ಹೋಗಿ ನೋಡಿದರೆ ಕಿಟಕಿ ಪಕ್ಕದ ಸಣ್ಣ ಜಾಡಿ ಗಪ್‌ಚಿಪ್ ಕೂತಿದೆ, ಸೀದ ಸಾಸಿವೆಯ ವಾಸನೆ. ಹಾಳಾದ್ದಕ್ಕೆ ಓದಲೂ ಬರುತ್ತದೆ ಎಂದು ನನಗೆ ಹೇಗೆ ಗೊತ್ತಾಗಬೇಕು. ಸೆರಗಿನಿಂದ ಸ್ಲೇಟು ಒರೆಸಿ, ಜಾಡಿಯನ್ನು ಖಾಲಿಯಾದ ಮೂರರ ಜೊತೆ ಸೇರಿಸಿ ಸುಮ್ಮನಾದೆ. ಈ ವಿಷಯ ಎಜಮಾನರಿಗೆ ಇವತ್ತಿಗೂ ತಿಳಿಯದು.

ಬುಧವಾರ ಮಧ್ಯಾಹ್ನ ಅವರು ಪಂಪ್‌ಹೌಸಿಗೆ ಹೋಗಿದ್ದರು. ನೀಲಕ್ಕನಿಗೆ ಎಲೆ ಹಾಕಿ, ಎಂದಿನಂತೆ ಮೊದಲು ಅವಳಿಗೇ ಅನ್ನ ಬಡಿಸಿ, ಸಾರಿನ ಸೌಟು ಎತ್ತಿದೆ. ಇನ್ನೂ ಒಂದು ಹನಿ ಬಿದ್ದಿರಲಿಲ್ಲ, "ಸಾಕಮ್ಮ" ಎಂದಳು.

"ಏನು ಸಾಕು?"

"ಏನಿಲ್ಲ."

ಸೌಟನ್ನು ಪಾತ್ರೆಗೆ ಎತ್ತಿ ಒಗೆದೆ. "ಇನ್ನೊಂದ್ಸಲ ಏನಿಲ್ಲ ಅಂದ್ರೆ ನೋಡು ನೀನು" ಎಂದೆ. ಇಪ್ಪತ್ತನಾಲ್ಕು ವರ್ಷ ನೀವು ಎಂದು ಕರೆದವಳನ್ನು ನೀನು ಎಂದುಬಿಟ್ಟಿದ್ದೆ. ಪಡಸಾಲೆಯಲ್ಲಿ ಟಪ್.

"ಮೆಲ್ಲಗೆ ದಾಕ್ಷಿ. ಜಾಡಿ ಇವೆ" ಎಂದಳು ನೀಲಕ್ಕ.

"ಇರ್ಲಿ. ಇವತ್ತು ಅವಿರಬೇಕು, ಇಲ್ಲ ನಾನಿರಬೇಕು. ಯಾಕೆ ಹೋಗ್ತಿದ್ದೀಯ ಹೇಳು. ನಾನೇನು ಮಾಡಿದೆ ನಿನಗೆ?"

ಟಪ್. ನೀಲಕ್ಕ ಅನ್ನದ ಮೇಲಿನ ಕೈ ತೆಗೆಯದೆ ನನ್ನನ್ನೇ ನೋಡಿದಳು. ಆಮೇಲೆ, ನಾನು ಯಾವತ್ತೂ ಕೇಳದ ಒಂದು ಧ್ವನಿಯಲ್ಲಿ, "ನನ್ನ ಹಿತ್ತಾಳೆ ಕೊಳಗ ನಿಮ್ಮಣ್ಣನ ಮನೆ ಗೃಹಪ್ರವೇಶಕ್ಕೆ ಕೊಟ್ಟೆಯಲ್ಲ, ವಾಪಸ್ ಬಂತಾ?" ಎಂದಳು.

"ಅದು ಹದಿನೇಳು ವರ್ಷದ ಹಿಂದಿನ ಮಾತು."

"ಹದಿನೇಳು ವರ್ಷದಿಂದ ಬಂದಿಲ್ಲ ಅಂತಾನೇ ನಾನೂ ಹೇಳ್ತಿರೋದು."

ಟಪ್, ಟಪ್. ನಾನು ಸೆರಗು ಸಿಕ್ಕಿಸಿದೆ. "ನಮ್ಮಮ್ಮ ಮೊದಲನೇ ಸಲ ಈ ಮನೆಗೆ ಬಂದಾಗ ತಣ್ಣಗಿರೋ ಉಪ್ಪಿಟ್ಟು ತಂದಿಟ್ಟೆ ನೀನು."

"ನಿಮ್ಮಮ್ಮ ಹನ್ನೊಂದು ಗಂಟೆಗೆ ಬರ್ತೀನಿ ಅಂದು ಮೂರು ಗಂಟೆಗೆ ಬಂದ್ರು. ಉಪ್ಪಿಟ್ಟು ಏನು ಕೆಂಡದ ಮೇಲೆ ಕೂತು ಕಾಯುತ್ತಾ?"

"ನಾನು ಆಚೆ ಹೋದ ಕೂಡಲೇ ನನ್ನ ಸಾರಿಗೆ ಬೆಲ್ಲ ಹಾಕ್ತೀಯ. ಮದುವೆಯಾಗಿ ಬಂದ ದಿನದಿಂದ ಹಾಕ್ತಿದ್ದೀಯ. ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದೀಯಾ?"

"ಹಾಕದೆ ಇದ್ದಿದ್ರೆ ಅದನ್ನ ಯಾರು ತಿಂತಿದ್ರು?"

ನನಗೆ ಒಂದು ಕಡೆ ಮೈ ಉರಿಯುತ್ತಿತ್ತು, ಇನ್ನೊಂದು ಕಡೆ ಎಷ್ಟೋ ವರ್ಷದಿಂದ ಬಿಗಿದಿದ್ದ ಕುಪ್ಪಸದ ಗುಂಡಿ ಬಿಚ್ಚಿದ ಹಾಗೆ ಹಾಯೆನಿಸುತ್ತಿತ್ತು. ಪಡಸಾಲೆಯ ಟಪ್ ಟಪ್ ನಿಲ್ಲುತ್ತಲೇ ಇರಲಿಲ್ಲ. ನಾನು ಇನ್ನೇನು ಅವಳ ತಮ್ಮನ ಹೆಂಡತಿಯ ವಿಷಯ ಎತ್ತಬೇಕು, ನೀಲಕ್ಕ ಎಂಜಲು ಕೈ ಎತ್ತಿ, "ತಡಿ ತಡಿ" ಎಂದಳು. "ಕೆಂಪು ದಾರದ್ದು."

ಇಬ್ಬರೂ ಓಡಿದೆವು. ಕೆಂಪು ದಾರದ ನಾಲ್ಕೂ ಇನ್ನೂ ಗುಂಯ್ ಎನ್ನುತ್ತಿದ್ದವು. ಫಾತಿಮಾಬಿಯ ಕೋಣೆಯಲ್ಲಿ ಆ ಹೊತ್ತು ಇಬ್ಬರು ಬಸುರಿಯರು ದಿನ ತುಂಬಿ ಕೂತಿದ್ದರು. ನೀಲಕ್ಕ ಕೈ ತೊಳೆದು ಬಂದಳು. ಕಂಕುಳಿಗೊಂದೊಂದರಂತೆ ಅವಳು ಎರಡು, ನಾನು ಎರಡು ಎತ್ತಿಕೊಂಡು, ಉಸಿರು ಬಿಗಿಹಿಡಿದು, ತಂತಿ ಹೋಗುವ ದಾರಿಯಲ್ಲೇ ಇರುವ ಎದುರುಮನೆಗೆ ಹೊರಟೆವು. "ಮೆಟ್ಟಿಲು" ಎಂದಳು ಅವಳು. "ಹ್ಞೂಂ" ಎಂದೆ ನಾನು. ಅಷ್ಟೇ ಮಾತು. ಎದುರುಮನೆಯಲ್ಲಿದ್ದವರು ಪಂಪಾಪತಿ, ಅನಸೂಯ. ಮದುವೆಯಾಗಿ ಮೂರು ತಿಂಗಳು, ಹೊತ್ತು ಮೂಡಿದಾಗಿನಿಂದ ಮುಳುಗುವತನಕ ಕಿಸಿಕಿಸಿ ನಗುತ್ತಿರುತ್ತವೆ.

"ನಿಮ್ಮ ಮನೇಲಿ ಇದುವರೆಗೆ ಜಗಳ ಆಗಿದೆಯೇನ್ರೇ?" ಎಂದು ನೀಲಕ್ಕ ಬಾಗಿಲಲ್ಲೇ ಕೇಳಿದಳು.

ಅನಸೂಯ ನಾಚಿಕೊಂಡು, "ಇನ್ನೂ ಇಲ್ಲ ದೊಡ್ಡಮ್ಮ" ಎಂದಳು.

"ಇನ್ನೂ ಹತ್ತು ದಿನ ಮಾಡ್ಬೇಡಿ" ಎಂದು ನಾಲ್ಕೂ ಜಾಡಿಗಳನ್ನು ಅವರ ಪಡಸಾಲೆಯಲ್ಲಿಟ್ಟು, ತಂತಿ ಸಿಕ್ಕಿಸಿ, ಬಂದ ಹಾಗೇ ವಾಪಸಾದೆವು. ನಮ್ಮ ಮುಖ ನೋಡಿ ಆ ಹುಡುಗಿ ಏನೋ ಕೇಳಲು ಬಾಯಿ ತೆರೆದಳು. ನಾವಿಬ್ಬರೂ ಒಟ್ಟಿಗೇ "ಏನಿಲ್ಲ" ಎಂದೆವು.

ಮನೆಯೊಳಗೆ ಬಂದು ಬಾಗಿಲು ಹಾಕಿಕೊಂಡು ನೀಲಕ್ಕ ಪಡಸಾಲೆಯ ಕಂಬಕ್ಕೆ ಒರಗಿ ಕೂತಳು. "ಎಲ್ಲಿದ್ವಿ?"

"ಬೆಲ್ಲ."

"ಬೆಲ್ಲ ಬಿಡು" ಎಂದಳು. ಧ್ವನಿ ತಗ್ಗಿತ್ತು. "ನಿಮ್ಮ ಭಾವ ಹೋದಮೇಲೆ ನೀನು ನನಗೆ ಮೊದಲು ಬಡಿಸೋಕೆ ಶುರು ಮಾಡಿದೆ."

ನನಗೆ ಅರ್ಥವಾಗಲಿಲ್ಲ. "ಬಡಿಸಿದ್ದು ತಪ್ಪಾ?"

"ಮನೆಯವಳಿಗೆ ಯಾರಾದ್ರೂ ಎಲೆ ಹಾಕಿ ಮೊದಲು ಬಡಿಸ್ತಾರಾ? ಹಾಗೆ ಬಡಿಸೋದು ನೆಂಟರಿಗೆ. ಇಪ್ಪತ್ತು ವರ್ಷ ನಾವಿಬ್ರು ಎಲ್ರದ್ದೂ ಆದ್ಮೇಲೆ ಒಲೆ ಮುಂದೆ ಕೂತು ತಳ ಕೆರ್ಕೊಂಡು ತಿಂದ್ವಿ. ಅವರು ಹೋದ್ರು, ನೀನು ನನ್ನನ್ನ ಎತ್ತಿ ಪಡಸಾಲೆಗೆ ಕೂರಿಸಿದೆ. ಪೊರಕೆ ಮುಟ್ಟೋ ಹಾಗಿಲ್ಲ, ಒಲೆ ಮುಟ್ಟೋ ಹಾಗಿಲ್ಲ. ಈ ಮನೇಲಿ ನನ್ನ ಋಣ ಮುಗೀತು ಅಂತ ಅವತ್ತೇ ಅಂದ್ಕೊಂಡೆ. ನೆಂಟರು ಎಷ್ಟು ದಿನ ಅಂತ ಇರ್ತಾರೆ ದಾಕ್ಷಿ? ನಾಲ್ಕು ವರ್ಷ ಇದ್ದೆ, ಸಾಲ್ದಾ?"

ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ನನಗೂ ಇಳಿಯುತ್ತಿತ್ತು, ಸಿಟ್ಟು ಮಾತ್ರ ಇಳಿದಿರಲಿಲ್ಲ. "ದುಃಖದಲ್ಲಿದ್ದೀಯ, ದಣೀಬೇಡ ಅಂತ ನಾನು ಮಾಡಿದ್ರೆ ನೀನು ಹಿಂಗಾ ತಿಳ್ಕೊಳ್ಳೋದು? ನೀನೇನು ಕಡಿಮೆ ಮಾಡಿದೆ? ಬೀಗದ ಕೈ ಬಿಚ್ಚಿ ಗೂಡಲ್ಲಿ ಎಸೆದೆ. ತಗೋ, ಇದಕ್ಕೇ ತಾನೇ ಬಾಯಿ ಬಿಟ್ಕೊಂಡು ಕಾಯ್ತಿದ್ದೆ ಅನ್ನೋ ಹಾಗೆ. ನಾನು ಅದನ್ನ ಇವತ್ತಿನವರೆಗೂ ಸೊಂಟಕ್ಕೆ ಸಿಕ್ಕಿಸಿಲ್ಲ, ನೋಡಿದ್ದೀಯಾ?"

"ಎಸೆದ್ನಾ?" ನೀಲಕ್ಕ ಸೆಟೆದು ಕೂತಳು. "ಆಗ ನನಗೆ ಒಂದು ತುತ್ತು ಸೇರ್ತಿರ್ಲಿಲ್ಲ ಕಣೆ. ಕಡ್ಡಿಯಾಗಿದ್ದೆ. ಸೊಂಟದಲ್ಲಿ ಸೀರೆಯೇ ನಿಲ್ತಿರ್ಲಿಲ್ಲ, ಇನ್ನು ಅಷ್ಟು ಭಾರದ ಗೊಂಚಲು ಎಲ್ಲಿ ನಿಲ್ಲುತ್ತೆ? ಎರಡು ಹೆಜ್ಜೆ ಇಟ್ರೆ ಜಾರಿ ಕಾಲ ಮೇಲೆ ಬೀಳ್ತಿತ್ತು. ಅದಕ್ಕೆ ಗೂಡಲ್ಲಿಟ್ಟೆ."

"ಮತ್ತೆ ಹೇಳ್ಬೇಕಿತ್ತು."

"ನೀನು ಕೇಳ್ಬೇಕಿತ್ತು."

"ಜಾಡಿ ಇದ್ವಲ್ಲ" ಎಂದೆ.

ಟಪ್, ಟಪ್, ಟಪ್. ಉಳಿದಿದ್ದವೆಲ್ಲ ಬಿಸಿ ಎಣ್ಣೆಯ ಸಾಸಿವೆಯಂತೆ ಒಟ್ಟಿಗೇ ಸಿಡಿದವು. ಆಮೇಲೆ ಮನೆಯಲ್ಲಿ ನಾನು ಯಾವತ್ತೂ ಕೇಳದ ನಿಶ್ಶಬ್ದ. ಮದುವೆಯಾಗಿ ಬಂದ ದಿನದಿಂದ ಕಿವಿಯಲ್ಲಿದ್ದ ಗುಂಯ್ ನಿಂತುಹೋಗಿತ್ತು. ನೀಲಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, "ಹಸಿವಾಗ್ತಿದೆ" ಎಂದಳು. ಇಬ್ಬರೂ ಒಲೆಯ ಮುಂದೆ ಕೂತು ತಣ್ಣಗಿನ ಅನ್ನ, ತಣ್ಣಗಿನ ಸಾರು ತಳ ಕೆರೆದುಕೊಂಡು ತಿಂದೆವು. ಸಾರಿಗೆ ಅವಳು ನನ್ನ ಕಣ್ಣೆದುರೇ ಬೆಲ್ಲ ಹಾಕಿದಳು.

ಅಷ್ಟರಲ್ಲಿ ಪಂಪು ನಿಂತು ಎಜಮಾನರು ಓಡಿಬಂದರು. ಅವರ ಹಿಂದೆ ಗಿರಣಿಯಿಂದ ಹಿಟ್ಟು ಮೆತ್ತಿಕೊಂಡ ಜನ, ನೀರಿಗೆ ಕೊಡ ಹಿಡಿದಿದ್ದ ಜನ. ಪಡಸಾಲೆಯ ವಾಸನೆ ಮೂಗಿಗೆ ಬಡಿದು ಎಲ್ಲರೂ ಹೊಸ್ತಿಲಲ್ಲೇ ನಿಂತರು. ಎಜಮಾನರು ಒಂದೊಂದೇ ಜಾಡಿಗೆ ಕಿವಿಯಿಟ್ಟು ಬಂದು, "ಒಂದೂ ಇಲ್ಲ" ಎಂದು ನೆಲಕ್ಕೆ ಕೂತುಬಿಟ್ಟರು. ನಾನು ತಲೆ ತಗ್ಗಿಸಿದೆ. ನಾಚಿಕೆಯಾಗಲಿಲ್ಲ ಎಂದರೆ ಸುಳ್ಳು. ಊರೆಲ್ಲ ನಂಬಿ ಇಟ್ಟದ್ದನ್ನು ನಾನು ಒಂದು ಊಟದ ಹೊತ್ತಿನಲ್ಲಿ ಹಾಳುಮಾಡಿದ್ದೆ.

ಗುರುವಾರ ಬೆಳಿಗ್ಗೆ ಸಂತೆಕಟ್ಟೆಯಲ್ಲಿ ಊರು ಸೇರಿತು. ಊರ ಯಜಮಾನ ಬೆನಕಪ್ಪನವರು ನಮ್ಮಿಬ್ಬರನ್ನೂ ನಿಲ್ಲಿಸಿ, "ಹತ್ತು ದಿನದ ಕರೆಂಟನ್ನ ಒಂದು ಮಧ್ಯಾಹ್ನಕ್ಕೆ ಹಾಳು ಮಾಡಿದ್ರಲ್ಲ ತಾಯಿ. ಊರಿಗೆ ಏನು ಉತ್ತರ ಕೊಡ್ತೀರಿ?" ಎಂದರು. ಒಬ್ಬರು ದಂಡ ಹಾಕಿ ಎಂದರು, ಇನ್ನೊಬ್ಬರು ಜಾಡಿ ಮನೆಯ ಪಟ್ಟ ಕಿತ್ತುಕೊಳ್ಳಿ ಎಂದರು. ನಾನು ತಪ್ಪಾಯಿತು ಎನ್ನಲು ಬಾಯಿ ತೆರೆಯುವುದರೊಳಗೆ ನೀಲಕ್ಕ ಮುಂದೆ ಬಂದಳು.

"ತಪ್ಪು ಆಗಿದೆ, ಇಲ್ಲ ಅನ್ನಲ್ಲ" ಎಂದಳು. "ಆದ್ರೆ ಒಂದು ಮಾತು ಬೆನಕಪ್ಪ. ನೀವೆಲ್ಲ ಭಾನುವಾರ ಭಾನುವಾರ ಮೋರಿಯಾಚೆ ಹೋಗಿ, ಬೇಕಾದಷ್ಟು ಬೈದಾಡ್ಕೊಂಡು, ಮಂಡಕ್ಕಿ ತಿಂದು, ಕಾಲು ತೊಳ್ಕೊಂಡು ಬರ್ತೀರಿ. ನಿಮ್ಮ ಮನೆ ದೀಪ ಉರೀಲಿ ಅಂತ ನಾವಿಬ್ರು ಇಪ್ಪತ್ತನಾಲ್ಕು ವರ್ಷ ಬಾಯಿ ಹೊಲ್ಕೊಂಡು ಕೂತಿದ್ವಿ. ನನ್ನ ಗಂಡ ಸತ್ತಾಗ ಕೂಡ ಇವಳ ಹತ್ರ ಎರಡು ಮಾತು ಬಿಚ್ಚಿ ಆಡ್ಲಿಲ್ಲ ನಾನು. ಪುಕ್ಕಟೆ ನಿಂತಿದ್ವು ಅಂದ್ಕೊಂಡ್ರಾ ಆ ಜಾಡಿ? ಇನ್ನು ನಮ್ಮ ಕೈಲಾಗಲ್ಲ. ಯಾರು ಹೊರ್ತೀರೋ ಹೊತ್ಕೊಂಡು ಹೋಗಿ."

ಎಜಮಾನರು ತಮ್ಮ ಕಾಲಿನ ಹೆಬ್ಬೆರಳನ್ನೇ ನೋಡುತ್ತಿದ್ದರು. ಕೊನೆಗೆ ಹಿಂದಿನಿಂದ ನಮ್ಮಣ್ಣನ ಹೆಂಡತಿ ಹಾಲಮ್ಮ ಎದ್ದಳು. "ನಮ್ಮ ಗಿರಣಿ ಬೀದಿಗೆ ಮನೆಗೊಂದು ಜಾಡಿ ಕೊಡಿ."

ಇಡೀ ಕಟ್ಟೆ ನಕ್ಕಿತು. "ನಿಮ್ಮ ಬೀದೀಲಿ ಅರ್ಧ ದಿನ ನಿಲ್ಲಲ್ವಲ್ಲೇ ಹಾಲಮ್ಮ" ಎಂದರು ಬೆನಕಪ್ಪ.

"ಅರ್ಧ ದಿನ ನಿಲ್ಲುತ್ತಲ್ಲ ಮತ್ತೆ? ಅಷ್ಟೊತ್ತು ನಾವು ತಡ್ಕೊಳ್ತೀವಿ, ಆಮೇಲೆ ಮುಂದಿನ ಬೀದಿಗೆ ದಾಟಿಸ್ತೀವಿ. ಅವರು ತಡೆಯೋಷ್ಟು ತಡೀಲಿ. ಒಂದೇ ಮನೆಯವರು ಯಾಕೆ ವರ್ಷಾನುಗಟ್ಟಲೆ ಉಸಿರು ಕಟ್ಕೊಂಡಿರಬೇಕು?"

ಇಷ್ಟು ಸಣ್ಣ ವಿಷಯ ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ. ಅರ್ಧ ದಿನದ ಮನೆಗಳು ಇಂತಿಷ್ಟು, ಒಂದು ದಿನದವು ಇಂತಿಷ್ಟು ಎಂದು ಬೆನಕಪ್ಪನವರು ಬೀದಿಬೀದಿಯ ಸರದಿ ಬರೆಸತೊಡಗಿದರು. ಹೊತ್ತು ಸಾಗಿಸುವಾಗ ಎಡವಿದರೆ ಒಂದೆರಡು ಒಡೆಯುತ್ತವೆ, ಕೆಲವು ಮನೆಗಳಲ್ಲಿ ಹಳಸುತ್ತವೆ, ನಲವತ್ತೆರಡರಲ್ಲಿ ಮೂವತ್ತು ಉಳಿದರೆ ಪುಣ್ಯ ಎಂದರು ಎಜಮಾನರು. ಮೂವತ್ತು ಸಾಕು ಎಂದರು ಜನ. ತನ್ನ ಮನೆ ಎರಡು ದಿನ ತಡೆಯುತ್ತದೆಂದು ಒಬ್ಬ ಬರೆಸಿದ್ದಕ್ಕೆ ಅವನ ಹೆಂಡತಿ ಅಲ್ಲೇ ಎದ್ದು, ನಿನ್ನ ಜೊತೆ ಎರಡು ದಿನ ಯಾವಳು ತಡೀತಾಳೆ, ಒಂದು ಅಂತ ಬರೆಸು ಎಂದಳು.

ಅದೆಲ್ಲ ಬರುವ ವರ್ಷದ ಮಾತು. ಈ ಮಂಕಿಗೆ ಉಳಿದದ್ದು ಎದುರುಮನೆಯ ನಾಲ್ಕೇ ಜಾಡಿ. ಊರವರು ಗಳಿಗೆಗೊಬ್ಬರು ಆ ಹುಡುಗರ ಬಾಗಿಲಿಗೆ ಹೋಗಿ, "ಎಲ್ಲ ಚೆನ್ನಾಗಿದ್ದೀರಾ? ಸಿಟ್ಟುಗಿಟ್ಟು ಏನಿಲ್ಲ ತಾನೇ?" ಎಂದು ವಿಚಾರಿಸಿ ವಿಚಾರಿಸಿ ಅನಸೂಯಳಿಗೆ ನಿಜವಾಗಿಯೂ ಸಿಟ್ಟು ಬರುವ ಹಾಗಾಗಿತ್ತಂತೆ. ಆದರೂ ತಡೆದುಕೊಂಡಳು. ಗುರುವಾರ ಸಾಯಂಕಾಲ ಆ ಬೆಳಕಿನಲ್ಲಿ ಫಾತಿಮಾಬಿ ಒಂದು ಹೆಣ್ಣು ಕೂಸನ್ನು ಎತ್ತಿಕೊಂಡಳು. ಊರಿನ ಮಿಕ್ಕವರು ಬಾವಿಯಿಂದ ನೀರು ಸೇದಿ, ಬೀಸುಕಲ್ಲು ಹುಡುಕಿ ತೆಗೆದು, ಹೊತ್ತು ಮುಳುಗುವ ಮುಂಚೆ ಉಂಡರು. ಗೊಣಗಿದರು ನಿಜ. ಆದರೆ ಜಾಡಿಯೇ ಇಲ್ಲದ ಮನೆಯವರಿಗೆ ಮೋರಿಯಾಚೆ ಹೋಗುವ ಕೆಲಸವಿಲ್ಲ ಎಂದು ತಿಳಿದಮೇಲೆ ಮನೆಮನೆಯ ಜಗುಲಿಯ ಮೇಲೂ ಗಲಾಟೆಯೋ ಗಲಾಟೆ.

ನನಗೆ ಮಾತ್ರ ಜೀವ ಕೈಯಲ್ಲಿತ್ತು. ಕಟ್ಟೆಯಿಂದ ಬಂದಮೇಲೂ ನೀಲಕ್ಕ ಟ್ರಂಕು ಬಿಚ್ಚಲಿಲ್ಲ. ಅದು ಬಾಗಿಲ ಪಕ್ಕದಲ್ಲೇ ಹಗ್ಗ ಬಿಗಿದುಕೊಂಡು ಕೂತಿತ್ತು. ವ್ಯಾನಿಗೆ ಬೇಡ ಎಂದು ಹೇಳಿ ಕಳಿಸಿದಳೋ ಇಲ್ಲವೋ ಗೊತ್ತಿಲ್ಲ. ಇಷ್ಟೆಲ್ಲ ಬೈದಾಡಿದವಳಿಗೆ ಹೋಗಬೇಡ ಎನ್ನುವ ಒಂದು ಮಾತು ಗಂಟಲಿನಿಂದ ಈಚೆಗೆ ಬರಲಿಲ್ಲ. ಹೋಗಬೇಕು ಎಂದೇ ಅವಳ ಮನಸ್ಸಿದ್ದರೆ ನಾನು ಯಾವ ಬಾಯಲ್ಲಿ ತಡೆಯಲಿ?

ಶುಕ್ರವಾರ ಬೆಳಿಗ್ಗೆ ನೀಲಕ್ಕ ಮಿಂದು ಒಳ್ಳೆಯ ಸೀರೆ ಉಟ್ಟಳು. ಕಾಫಿ ಕೊಟ್ಟೆ. ಮೊದಲು ನಾನು ಕುಡಿದೆ, ಆಮೇಲೆ ಅವಳಿಗೆ ಕೊಟ್ಟೆ. ಲೋಟ ಹಿಡಿದುಕೊಂಡು, ಎಲ್ಲಿಂದ ನೆನಪಾಯಿತೋ, "ನಿನ್ನ ಮೊದಲನೇ ಯುಗಾದೀಲಿ ಹೋಳಿಗೆ ಹೂರಣ ಸೀದುಹೋಯ್ತಲ್ಲ, ಅತ್ತೆ ಹತ್ರ ನಾನು ಬೈಸ್ಕೊಂಡೆ" ಎಂದಳು.

"ಸೀದದ್ದು ನಿನ್ನಿಂದ. ನಾನು ಕೈಯಾಡಿಸ್ತಿದ್ದೆ, ನೀನು ಬಂದು ಉರಿ ದೊಡ್ಡದು ಮಾಡಿದೆ."

"ನಾನ್ಯಾಕೆ ದೊಡ್ಡದು ಮಾಡ್ಲಿ? ನೀನು ಕಿಟಕೀಲಿ ನಿಂತು ಕೊಟ್ರೇಶನ್ನ ನೋಡ್ತಿದ್ದೆ."

"ನೋಡಿದ್ರೆ ಏನೀಗ? ನನ್ನ ಗಂಡ."

ಹೊರಗೆ ವ್ಯಾನು ಬಂದು ಹಾರ್ನ್ ಹೊಡೆಯಿತು. ಡ್ರೈವರ್ ಜಗುಲಿ ಹತ್ತಿ ಬಂದು, "ಹೊರಡೋಣ್ವಾ ಅಮ್ಮ?" ಎನ್ನುತ್ತ ಟ್ರಂಕಿನ ಹಗ್ಗಕ್ಕೆ ಕೈ ಹಾಕಿದ. ನಾನು ಕಂಬ ಹಿಡಿದುಕೊಂಡು ನಿಂತೆ. ನೀಲಕ್ಕ ಲೋಟ ಕೆಳಗಿಟ್ಟು ಎದ್ದು ಹೊಸ್ತಿಲಿಗೆ ಹೋದಳು.

"ಅದನ್ನ ಅಲ್ಲೇ ಬಿಡಪ್ಪ" ಎಂದಳು. "ನಂಗೆ ಬರೋಕಾಗಲ್ಲ."

"ಯಾಕಮ್ಮ, ಹುಷಾರಿಲ್ವಾ? ಮುಂದಿನ ಶುಕ್ರವಾರ ಬರ್ಲಾ?"

"ಯಾವ ಶುಕ್ರವಾರಾನೂ ಬೇಡ. ಈಗ ತಾನೇ ಇವಳ ಮೊದಲನೇ ಯುಗಾದಿಗೆ ಬಂದಿದ್ದೀವಿ. ಇನ್ನೂ ಇಪ್ಪತ್ತಮೂರು ವರ್ಷದ ಜಗಳ ಹಾಗೇ ಉಳಿದಿದೆ, ಬಿಟ್ಟು ಎಲ್ಲಿಗೆ ಬರ್ಲಿ?" ಎಂದು ಒಳಗೆ ಬಂದು ನನ್ನೆದುರು ಚಕ್ಕಳಮಕ್ಕಳ ಹಾಕಿ ಕೂತಳು. "ಹ್ಞಾ, ಈಗ ಹೇಳು. ಉರಿ ದೊಡ್ಡದು ಮಾಡಿದ್ದು ಯಾರು?"